ಕುಕ್ಕರ್ ಹಿಡಿ ಬೇಯಿಸುತ್ತಿದ್ದವರು

ಮೂಡಿಗೆರೆಯಲ್ಲಿ ನಮ್ಮ ಪಕ್ಕದ ಶೆಡ್ಡಿನಲ್ಲಿ ಒಬ್ಬರು ಕುಕ್ಕರ್ ಹಿಡಿ ಮಾಡುತ್ತಿದ್ದರು. ಬಿಸಿ ಅಚ್ಚಿಗೆ ಪ್ಲಾಸ್ಟಿಕ್ ಪುಡಿ ಸುರಿದು, ಪ್ರೆಸ್ಸಿನಲ್ಲಿ ಒತ್ತಿ, ಮಣಿಕಟ್ಟಿನಿಂದ ಮೂಗು ಉಜ್ಜಿಕೊಂಡು, “ಬೇಯ್ಲಿ ತಡಿ ಮಾರಾಯ” ಎನ್ನುತ್ತಿದ್ದರು. ಅಷ್ಟನ್ನು ನಾನು ಚೆನ್ನಾಗಿ ಅಣಕಿಸುತ್ತೇನೆ. ಆಮೇಲೆ ಅಚ್ಚಿನಿಂದ ಕಣ್ಣು ಕೀಳದೆ ನಿಲ್ಲುವ ಅವರ ತಾಳ್ಮೆ ಮಾತ್ರ ನನಗೆ ಒಗ್ಗಿಲ್ಲ.

ಅವರ ಮಗಳು ಮೆಚ್ಚಿದ ಹುಡುಗನ ತಂದೆ, ಮಲ್ಲಂದೂರಿನ ಸಾಹುಕಾರರು, ಸಂಬಂಧದ ಮಾತಿಗೆಂದು ಶೆಡ್ಡಿಗೇ ಬಂದರು. ಅಚ್ಚು ಆಗಷ್ಟೇ ಮುಚ್ಚಿತ್ತು. ಇವರು ತಿರುಗಿಯೂ ನೋಡಲಿಲ್ಲ. ಮದುವೆ ಮುರಿಯಿತೆಂದೇ ಬಾಗಿಲಲ್ಲಿ ನಿಂತಿದ್ದ ನಾನು ಅಂದುಕೊಂಡೆ.

“ಏನ್ರೀ, ನಮಗಿಂತ ಆ ಹಿಡಿ ದೊಡ್ಡದಾ?”

“ನೀವು ಸ್ವಲ್ಪ ಕೂತ್ರೆ ಏನೂ ಆಗಲ್ಲ ಸಾಹುಕಾರ್ರೇ. ಇದು ಅಚ್ಚಲ್ಲಿ ಜಾಸ್ತಿ ಕೂತ್ರೆ ಸುಟ್ಟೋಗ್ತದೆ.”

“ನಿಮ್ಮ ಮಗಳೂ ಹಿಂಗೇನಾ?”

“ನನಗಿಂತ ಹಟ.”

ಸಾಹುಕಾರರು ಸ್ಟೂಲು ಎಳೆದು ಕೂತರು. “ಒಳ್ಳೇದಾಯ್ತು. ಮನೇಲಿ ಎಲ್ರೂ ಹ್ಞೂಂ ಅಂದೂ ಅಂದೂ ನಾನು ಕೆಟ್ಟೇ ಹೋಗಿದೀನಿ. ಉಹ್ಞೂಂ ಅನ್ನೋಳು ಒಬ್ಬಳಾದ್ರೂ ಬರ್ಲಿ.”