ಊಟದವರೆಗೆ ಕನ್ನಡ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವವರ ಮನೆ, ಮನೆಮಾತು ಉರ್ದು. ಏಳನೇ ಕ್ಲಾಸಿನವರೆಗೆ ಉರ್ದು ಶಾಲೆಯಲ್ಲಿದ್ದು ಕನ್ನಡ ಹೈಸ್ಕೂಲಿಗೆ ಬಂದ ನಾನು ಎಸ್ಸೆಸ್ಸೆಲ್ಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕನ್ನಡದಲ್ಲೇ ಫೇಲಾದೆ. "ಮಾರ್ಚಲ್ಲಿ ಪಾಸಾದ್ರೆ ಚಿಂತಾಮಣಿ ಕಾಲೇಜು, ಇಲ್ಲಾಂದ್ರೆ ಮನೆ" ಎಂದರು ಅಬ್ಬಾ. ನನಗೆ ಆ ಕಾಲೇಜು ಬೇಕೇ ಬೇಕಿತ್ತು.

ಇನ್ನೊಬ್ಬರು ಹೇಳಿದರೆ ಕೇಳುವ ಜಾಯಮಾನ ನನ್ನದಲ್ಲ. ಹಾಗಾಗಿ ನನಗೆ ನಾನೇ ಕಟ್ಟಳೆ ಹಾಕಿಕೊಂಡೆ: ಶಾಲೆಯಿಂದ ಬಂದು ರಾತ್ರಿ ಊಟಕ್ಕೆ ಕೂರುವವರೆಗೆ ಬಾಯಿಂದ ಕನ್ನಡ ಬಿಟ್ಟು ಬೇರೇನೂ ಬರಕೂಡದು. ಉರ್ದು ಜಾರಿದರೆ ಆ ಸಂಜೆಯ ನನ್ನ ತಿಂಡಿ ತಂಗಿಗೆ.

ಇಂಥ ಅವಕಾಶವನ್ನು ತಂಗಿ ಬಿಡುತ್ತಾಳೆಯೇ? ಜಡೆ ಎಳೆದಳು, ನನ್ನ ದುಪಟ್ಟಾ ಹೊದ್ದು ಕುಣಿದಳು. ನನಗೋ ಮೂಗಿನ ತುದಿಯಲ್ಲೇ ಕೋಪ. ಉರ್ದುವಿನಲ್ಲಾದರೆ ಬೈಗುಳ ತಾನಾಗಿ ಹರಿಯುತ್ತಿತ್ತು, ಕನ್ನಡದಲ್ಲಿ "ನೀನು... ನೀನು ಬಹಳ ಕೆಟ್ಟ ಬಾಲಕಿ!" ಎಂದಷ್ಟೇ ಬಂತು. ಅವಳು ಬಿದ್ದು ಬಿದ್ದು ನಕ್ಕಳು. ಮೊದಲ ವಾರವೆಲ್ಲ ನನ್ನ ಬನ್ನು, ಬಿಸ್ಕತ್ತು ಅವಳ ಹೊಟ್ಟೆಗೇ ಹೋದವು. ಬೈಯುವುದನ್ನಾದರೂ ಕಲಿಯೋಣವೆಂದು ಪಕ್ಕದ ಮನೆಯ ಅಕ್ಕನ ಹತ್ತಿರ ಹೋಗಿ ಕೂರತೊಡಗಿದೆ. ಕೆಲವೇ ದಿನಗಳಲ್ಲಿ "ಸುಮ್ನಿರ್ತೀಯಾ, ಇಲ್ಲಾ ಬೆನ್ನಿಗೆ ಎರಡು ಬಿಡ್ಲೇನೇ?" ಎಂದಾಗ ತಂಗಿಯ ನಗು ನಿಂತಿತು. ಅದೇ ಜೋರಿನಲ್ಲಿ ಪಾಠಗಳೂ ಸಲೀಸಾದವು.

ಕಷ್ಟವಾದದ್ದು ದಾದಿಯ ವಿಷಯದಲ್ಲಿ. ಅಪ್ಪನ ತಾಯಿಯಾದ ಅವರಿಗೆ ಉರ್ದು, ಒಂದಿಷ್ಟು ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ಎಲೆಅಡಿಕೆ ಕುಟ್ಟುತ್ತ ಏನಾದರೂ ಕೇಳುವರು. ನಾನು ಕನ್ನಡದಲ್ಲಿ ಉತ್ತರಿಸಿದರೆ ನನ್ನ ಬಾಯನ್ನೇ ನೋಡುವರು. ಒಂದು ಸಂಜೆ ತಡೆಯಲಾರದೆ ಉರ್ದುವಿಗೆ ಬಾಯಿ ತೆರೆದೆ. ಅವರೇ ಕೈಯೆತ್ತಿ ಬೇಡವೆಂದರು. ನನಗೆ ಅಳು ಬಂದುಬಿಟ್ಟಿತು.

ಮಾರ್ಚ್ ಪರೀಕ್ಷೆ ಮುಗಿದ ಮೇಲೂ ಸಂಜೆಯ ಕಟ್ಟಳೆಯನ್ನು ನಾನು ಬಿಟ್ಟಿರಲಿಲ್ಲ. ಫಲಿತಾಂಶದ ದಿನ ಶಾಲೆಯ ಬೋರ್ಡು ನೋಡಿ ಮನೆಗೆ ಓಡಿದೆ. ಸಂಜೆಯಾಗಿದ್ದರೂ ಇವತ್ತು ಕಟ್ಟಳೆ ಇಲ್ಲ, ಮೊದಲು ದಾದಿಗೆ, ಅದೂ ಉರ್ದುವಿನಲ್ಲೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ಕಾಯುತ್ತಿದ್ದ ಅವರು ನನಗಿಂತ ಮೊದಲೇ, ಒಂದೊಂದೇ ಪದ ಹುಡುಕಿ, ಕನ್ನಡದಲ್ಲಿ ಕೇಳಿದರು:

"ಪಾಸು... ಆಯ್ತೇನಮ್ಮಾ?"

ಜೋಡಿಸಿಕೊಂಡ ಉರ್ದುವೆಲ್ಲ ಮರೆತೇಹೋಯಿತು. "ಹೂಂ ದಾದಿ, ಆಯ್ತು" ಎಂದು ಅವರನ್ನು ಅಪ್ಪಿಕೊಂಡೆ.