ಹಾಲೇಶನ ಡೊಳ್ಳು ನಿಲ್ಲಿಸಿದವನು ನಾನು

ಹಾಲೇಶ, ನಮ್ಮ ಬ್ಯಾಂಡು ಮುಗಿಯಿತೆಂದು ಅಂದು ನಿನಗೆ ಹೇಳಿದ್ದು ಸುಳ್ಳು. ಅದು ಮುಗಿದಿರಲಿಲ್ಲ — ನಿನ್ನನ್ನು ಮಾತ್ರ ಬಿಟ್ಟು ನಡೆಯುತ್ತಲೇ ಇತ್ತು. ಇನ್ನೊಂದು ಸುಳ್ಳನ್ನು ಸ್ಟೆಲ್ಲಾಗೂ ಜೋಯಲ್‌ಗೂ ಹೇಳಿದ್ದೆ. ವರ್ಷಗಳೇ ಕಳೆದವು, ಅದು ನಿನಗೆ ಇಂದಿಗೂ ಗೊತ್ತಿಲ್ಲ.

ನಾವು ಮೂವರು ನ್ಯಾಮತಿಯ ಕ್ರೈಸ್ತರ ಮಕ್ಕಳು. ಚರ್ಚಿನಲ್ಲಿ ಮೆಲ್ಲಗೆ ಹಾಡುವ ಕೀರ್ತನೆಗಳನ್ನು ಪಂಕ್ ಗಿಟಾರಿನ ಅಬ್ಬರದಲ್ಲಿ ಕೂಗಿ ಹಾಡುವ ಹುಚ್ಚು ನನಗೆ. ಜೋಯಲ್ ಬೇಸ್ ಗಿಟಾರ್ ನುಡಿಸುತ್ತಿದ್ದ. ಸ್ಟೆಲ್ಲಾ ಮೊಬೈಲ್ ನೋಡಿಕೊಂಡೇ ಐರಿಷ್ ಕೊಳಲು ಕಲಿತವಳು. ಸಾಸ್ವೆಹಳ್ಳಿಯಿಂದ ನೀನು ಡೊಳ್ಳು ಹೊತ್ತು ಬಂದ ಮೇಲೆ ಆ ಹಾಡುಗಳಿಗೆ ಕಾಲು ಬಂದವು. ಅಭ್ಯಾಸಕ್ಕೆ ಎಲ್ಲೂ ಜಾಗ ಸಿಗದಾಗ ನಿಮ್ಮಪ್ಪ ಕೊಟ್ಟಿಗೆ ಪಕ್ಕದ ಕೋಣೆ ಬಿಟ್ಟುಕೊಟ್ಟರು. "ದನ ಬೆದರ್ತಾವೆ, ಬಾಗ್ಲು ಹಾಕ್ಕಳ್ರಿ. ಆಮೇಲೆ ಉಂಡೇ ಹೋಗ್ಬೇಕು," ಎನ್ನುತ್ತಿದ್ದರು.

ಜಗಳೂರಿನಿಂದ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಕರೆ ಬಂತು. ಅಲ್ಲಿನ ಚರ್ಚಿನ ಹಿರಿಯರೊಬ್ಬರು, "ಡೊಳ್ಳು ಬಾರ್ಸೋ ಹುಡುಗ ನಮ್ಮ ಸಭೆಯವನೇನ್ರಿ?" ಎಂದು ಕೇಳಿದರು. ಅಷ್ಟೇ. ಬೇಡವೆಂದು ಯಾರೂ ಹೇಳಲಿಲ್ಲ. ಆದರೆ ನನಗೆ — ವೇದಿಕೆ ಕೈತಪ್ಪುವುದೋ ಎಂಬ ಭಯ... ಅಲ್ಲ, ಭಯವೆಂದರೆ ಅದೂ ನೆಪವೇ. ಆ ವೇದಿಕೆ ನನಗೆ ಬೇಕಿತ್ತು.

ನಿನಗೆ ಫೋನ್ ಮಾಡಿ ಬ್ಯಾಂಡು ಮುಗಿಯಿತೆಂದೆ. ಅವರಿಬ್ಬರಿಗೆ — "ಹಾಲೇಶ ಬರಲ್ವಂತೆ. ಕ್ರಿಶ್ಚಿಯನ್ನರ ಜೊತೆ ಕುಣಿಯಾಕೆ ಹೋದ್ರೆ ಮನೆಗೆ ಸೇರ್ಸಲ್ಲ ಅಂದ್ರಂತೆ ಅವರಪ್ಪ."

"ಹಂಗಾದ್ರೆ ಕರೆದು ಉಣ್ಣಾಕೆ ಇಕ್ಕಿದ್ದೆಲ್ಲ ನಾಟಕನಾ?" ಎಂದು ಸ್ಟೆಲ್ಲಾ ಅತ್ತಳು. ನಾನು ಗಿಟಾರಿನ ತಂತಿ ಬಿಗಿಯುತ್ತಾ ಕೂತಿದ್ದೆ.

ಜಗಳೂರಿಗೆ ನೀನು ಬರುತ್ತೀಯೆಂದು ಎಣಿಸಿರಲಿಲ್ಲ. ಯಾರದೋ ಮೊಬೈಲಿನಲ್ಲಿ ನಮ್ಮ ಪೋಸ್ಟರ್ ನೋಡಿ ನೀನು ಬಂದಿದ್ದೆ. ಸ್ಟೆಲ್ಲಾ ನಿನ್ನ ಮುಖವನ್ನೂ ನೋಡದೆ ಹಾದುಹೋದಳು; ಯಾಕೆಂದು ನಿನಗೆ ತಿಳಿಯಲಿಲ್ಲ. ವೇದಿಕೆಯ ಹಿಂದೆ ನನ್ನನ್ನು ನಿಲ್ಲಿಸಿ ಕೇಳಿದೆ: "ಬ್ಯಾಡ ಅಂದಿದ್ರೆ ನಾನೇ ಹಿಂದೆ ಸರೀತಿದ್ದೆ. ಮುಗೀತು ಅಂತ ಯಾಕೆ ಹೇಳ್ದೆ?"

ಮೈಕಿನಲ್ಲಿ ನಮ್ಮನ್ನು ಕರೆದರು. ನಾನು ವೇದಿಕೆ ಹತ್ತಿಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ನಿಮ್ಮಪ್ಪ ತೀರಿಕೊಂಡರು. ಸ್ಟೆಲ್ಲಾ, ಜೋಯಲ್ ಮಣ್ಣಿಗೆ ಬರಲಿಲ್ಲ — ನನ್ನ ಮಾತು ನಂಬಿ ಬರಲಿಲ್ಲ. ನಾನು ಬಂದೆ. ನಿಮ್ಮವ್ವ ನನ್ನ ಕೈ ಹಿಡಿದು, "ಆ ಹುಡುಗಿ ಯಾಕೆ ಬರ್ಲಿಲ್ಲಪ್ಪ? ನಮ್ ಯಜಮಾನ್ರು ಕೇಳ್ತಾನೇ ಇದ್ರು — ಆ ಹುಡುಗ್ರು ಈ ಕಡೆ ಸುಳಿಯಲ್ವಲ್ಲ, ನಮ್ ಕಡೆಯಿಂದ ಏನಾರ ತಪ್ಪಾತಾ ಅಂತ," ಎಂದರು.

"ಹುಷಾರಿಲ್ಲ ಅವಳಿಗೆ," ಎಂದೆ. ಶವದ ಮುಂದೆ ನಿಂತು ಮತ್ತೂ ಒಂದು ಸುಳ್ಳು.

ನಿನ್ನೆ ಅಭ್ಯಾಸದ ನಡುವೆ ಇಬ್ಬರಿಗೂ ಎಲ್ಲವನ್ನೂ ಹೇಳಿದೆ. ಜೋಯಲ್ ಎದ್ದು ಹೊರಗೆ ಹೋದ. ಸ್ಟೆಲ್ಲಾ, "ಅವ್ರು ಬದುಕಿದ್ದಾಗ ಹೇಳಾಕೆ ಏನಾಗಿತ್ತು ನಿನಗೆ?" ಎಂದಳು.

ನಾಳೆ ನಿಮ್ಮ ಮನೆಗೆ ಬರುತ್ತೇನೆ, ಹಾಲೇಶ. ಒಳಗೆ ಕರೆಯಬೇಕೆಂದು ಕೇಳುವುದಿಲ್ಲ. ನೀನು ಬಾಗಿಲು ತೆಗೆಯದಿದ್ದರೆ ಅಂಗಳದಲ್ಲೇ ನಿಂತು, ತಪ್ಪು ನಿಮ್ಮದಲ್ಲವೆಂದು ನಿಮ್ಮವ್ವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.