ನೆಗೆಟಿವ್ ಬಂದ ಜ್ವರ

೨೦೨೦ರಲ್ಲಿ ನಾನು ಸೊಲ್ಲಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞೆಯಾಗಿದ್ದೆ. ಲಾಕ್‌ಡೌನ್ ಶುರುವಾದ ಮೇಲೆ ನಮ್ಮ ವಾರ್ಡು ಖಾಲಿಯಾಗುತ್ತ ಬಂತು. ಮನೆಯೂಟ, ವಿಶ್ರಾಂತಿ ಸಿಕ್ಕು ಜನರ ಹೃದಯ ಸುಧಾರಿಸಿದೆ ಎಂದು ಸಹೋದ್ಯೋಗಿಯೊಬ್ಬರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಎಂಡೋಕಾರ್ಡೈಟಿಸ್ ಸರ್ಕಾರದ ಆದೇಶ ಕೇಳಿ ಮನೆಯಲ್ಲಿ ಕೂರುವ ಕಾಯಿಲೆಯಲ್ಲ. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಹೃದಯದ ಕವಾಟದ ಮೇಲೆ ಬೀಡುಬಿಟ್ಟು ಅದನ್ನು ಹಾಳುಮಾಡುತ್ತದೆ. ಮೊದಮೊದಲು ಕಾಣುವುದು ಬರೀ ಜ್ವರ. ಆಗಲೇ ಬಂದರೆ ಆಂಟಿಬಯೋಟಿಕ್ ಇಂಜೆಕ್ಷನ್ನಿನಿಂದ ಬಹಳ ಜನರನ್ನು ಉಳಿಸಬಹುದು. ಆದರೆ ಜ್ವರದವರು ಬರುವುದನ್ನೇ ಬಿಟ್ಟಿದ್ದರು.

ಅಕ್ಕಲಕೋಟೆಯ ಶಾಂತಾಬಾಯಿ ನನ್ನ ಹಳೆಯ ರೋಗಿ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಅವರ ಕವಾಟವೊಂದು ಕೆಟ್ಟಿತ್ತು. ಪತಿ ಮಲ್ಲಿನಾಥರದು ಚಾದರದ ಅಂಗಡಿ, ಹಿಂದೆಯೇ ಮನೆ. ಕಿತ್ತ ಹಲ್ಲಿನ ಗಾಯದಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದು, ಹಲ್ಲು ಕೀಳಿಸುವ ಮುನ್ನ ನನ್ನನ್ನು ಕೇಳಬೇಕು ಎಂದು ಆಕೆಗೆ ಎಷ್ಟು ಸಲ ಹೇಳಿದ್ದೆನೋ. ಆ ಬೇಸಿಗೆಯಲ್ಲಿ ಮಲ್ಲಿನಾಥರು ಪೊಲೀಸ್ ಪಾಸು ಹಿಡಿದು, ಚಾದರ ಸಾಗಿಸುವ ಟೆಂಪೋದಲ್ಲಿ ಮಲಗಿಸಿಕೊಂಡು ಆಕೆಯನ್ನು ಕರೆತಂದಾಗ ಉಸಿರಾಡುವುದೇ ಕಷ್ಟವಾಗಿತ್ತು.

“ಹಲ್ಲು ಅಲುಗ್ಯಾಡತಿತ್ತರಿ, ಡಾಕ್ಟರಬಾಯಿ,” ಎಂದರು ಶಾಂತಾಬಾಯಿ. “ಹಲ್ಲಿನ ದವಾಖಾನಿ ಎಲ್ಲಾ ಬಂದ್. ದಾರ ಕಟ್ಟಿ ನಾನ ಕಿತಗೊಂಡೆ. ರಕ್ತ ನಿಲ್ಲಲಿ ಅಂತ ಮಿಶ್ರಿ ಒತ್ತಿದೆ.”

ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ನಮ್ಮ ಕಡೆ ಹೆಂಗಸರು ಅದರಲ್ಲೇ ಹಲ್ಲುಜ್ಜುತ್ತಾರೆ. ಜ್ವರ ಇತ್ತೇ ಎಂದು ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ಇಲ್ಲರಿ,” ಎಂದರು ಮಲ್ಲಿನಾಥರು. “ಕೊರೊನಾ ತಪಾಸಣಿಯವರು ದಿನಾ ಮನಿಗಿ ಬಂದು ಜ್ವರದ ಗನ್ ಹಚ್ಚಿ ನೋಡತಿದ್ರು. ಒಂದ ದಿನಾನೂ ಜ್ವರ ತೋರಿಸಲಿಲ್ಲ.”

ಎದೆಗೆ ಸ್ಟೆತಸ್ಕೋಪ್ ಇಟ್ಟೆ. ವರ್ಷಗಳಿಂದ ಕೇಳಿ ಪರಿಚಯವಿದ್ದ ಸದ್ದು ಪೂರಾ ಬದಲಾಗಿತ್ತು. ಎಕೋ ಪರೀಕ್ಷೆಯಲ್ಲಿ ಕವಾಟ ಹರಿದದ್ದು ಕಂಡಿತು. ಆಂಟಿಬಯೋಟಿಕ್ ಶುರುಮಾಡಿದೆ. ಆದರೆ ಹರಿದ ಕವಾಟಕ್ಕೆ ಔಷಧಿಯಿಲ್ಲ, ಆಪರೇಷನ್ ಒಂದೇ ದಾರಿ. ಪುಣೆಗೆ ಫೋನ್ ಮೇಲೆ ಫೋನ್ ಮಾಡಿದೆ. ಒಂದು ಕಡೆ ಹಾಸಿಗೆ ಇರಲಿಲ್ಲ, ಇನ್ನೊಂದು ಕಡೆ ಶಸ್ತ್ರಚಿಕಿತ್ಸಕರೇ ಕ್ವಾರಂಟೈನ್‌ನಲ್ಲಿದ್ದರು. ಒಬ್ಬರು ಕೊರೊನಾ ವರದಿ ಬರಲಿ, ಆಮೇಲೆ ನೋಡೋಣ ಎಂದರು.

ಮರುದಿನ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ ಮಲ್ಲಿನಾಥರು ನನ್ನನ್ನು ಕಂಡು ಎದ್ದು ಓಡಿ ಬಂದರು. ವರದಿಯ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

“ನೆಗೆಟಿವ್ ಬಂತ್ರಿ, ಡಾಕ್ಟರಬಾಯಿ. ಇನ್ನ ಮನಿಗಿ ಕರಕೊಂಡು ಹೋಗಲೇನ್ರಿ?”

ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಎಂದೂ ಕಂಡಿರಲಿಲ್ಲ. ಬಿಸಿಲಲ್ಲಿ ನಿಂತು, ಇದು ಕೊರೊನಾ ಅಲ್ಲದ ಬೇರೆ ರೋಗ, ಕೈಮೀರುತ್ತಿದೆ ಎಂದು ಹೇಳಬೇಕಾಯಿತು. ಶಾಂತಾಬಾಯಿ ಇದ್ದ ಐಸಿಯು ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವರೊಬ್ಬರನ್ನಾದರೂ ಒಳಗೆ ಬಿಡಿಸಲು ಎಲ್ಲರ ಹತ್ತಿರ ಕೇಳಿ ನೋಡಿದೆ, ಆಗಲಿಲ್ಲ. ಆ ಸಂಜೆಯೇ, ಪುಣೆಯಿಂದ ಉತ್ತರ ಬರುವ ಮೊದಲು, ಶಾಂತಾಬಾಯಿ ತೀರಿಕೊಂಡರು.

ಬೇವಿನ ಮರದ ಕೆಳಗೆ ಹೋಗಿ ಮಲ್ಲಿನಾಥರಿಗೆ ತಿಳಿಸಿದೆ. ಆಮೇಲೆ ಅವರು ತಾವಾಗಿಯೇ ಹೇಳಿದರು: “ಜ್ವರ ಇತ್ರಿ. ಗನ್‌ನವರು ಬರೋಕಿಂತ ಮೊದಲ ಚಹಾದ ಜೋಡಿ ಜ್ವರದ ಗುಳಿಗಿ ನಾನ ಕೊಡತಿದ್ದೆ. ಅಂಗಡಿ ಸೀಲ್ ಆಗತದ ಅಂತ ಅಲ್ಲರಿ. ಕೊರೊನಾ ಅಂದು ಆಕಿನ್ನ ಒಬ್ಬಾಕಿನ್ನ ಒಯ್ತಾರ ಅಂತ ಅಂಜಿಕಿ ಇತ್ತು. ಕಡೀಕ ಒಬ್ಬಾಕೀನ ಹ್ವಾದಳು.”

ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಈಗಲೂ ನನ್ನ ಕೋಣೆಗೆ ಯಾರೇ ಬರಲಿ, ಜ್ವರ ಇತ್ತೇ ಎಂದು ಕೇಳುವ ಮೊದಲು ಜೊತೆಗೆ ಬಂದವರಿಗೆ ಕುರ್ಚಿ ತೋರಿಸುತ್ತೇನೆ. ನೀವು ಇಲ್ಲೇ ಇರಬಹುದು, ಯಾರೂ ಹೊರಗೆ ಕಳಿಸುವುದಿಲ್ಲ ಎನ್ನುತ್ತೇನೆ. ಜ್ವರದ ಮಾತು ಆಮೇಲೆ ಬರುತ್ತದೆ.